ಫಕೀರವ್ವ ಒತ್ತಿದ ಗಂಟೆ

ನಾನು ಒಂದು ಗಂಟೆ. ದೇವರ ಮುಂದೆ ತೂಗುವ ಗಂಟೆಯೆಂದು ಕೈಮುಗಿಯಬೇಡಿ, ನಾನು ಮೇಜಿನ ಮೇಲೆ ಕೂರುವ ಜಾತಿ. ಬಟ್ಟಲು ಬೋರಲು ಹಾಕಿದಂಥ ಹಿತ್ತಾಳೆಯ ಮೈ, ನೆತ್ತಿಯ ಮೇಲೊಂದು ಗುಂಡಿ. ಯಾರಾದರೂ ಒತ್ತಿದರೆ ‘ಠಣ್’ ಎನ್ನುತ್ತೇನೆ. ನನ್ನಷ್ಟಕ್ಕೆ ನಾನು ಎಂದೂ ಮಾತಾಡಿದವನಲ್ಲ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ನನ್ನನ್ನು ತಿಕ್ಕಿ ಹೊಳಪು ಕೊಟ್ಟ ಮುದುಕ ಒಮ್ಮೆ ಒತ್ತಿ ನೋಡಿ, “ದನಿ ಚೊಲೋ ಐತಿ. ನಾಕ್ ಮಂದಿ ನಿನ್ನ ಮಾತು ಕೇಳ್ತಾರ” ಎಂದು ಹರಸಿದ. ಕೇಳಿದ್ದೇನೋ ನಿಜ. ಕೇಳಿ ಏನು ಮಾಡಿದರು ಎಂಬುದೇ ನನ್ನ ಕತೆ.

ನನ್ನನ್ನು ಕೊಂಡು ತಂದವರು ನಮ್ಮ ಗ್ರಾಮ ಪಂಚಾಯಿತಿಗೆ ಆಗ ಅಧ್ಯಕ್ಷರಾಗಿದ್ದ ಅಂದಾನಗೌಡರು. ಗೌಡರಿಗೆ ಉದ್ದುದ್ದ ಮಾತು ಆಗಿಬರುತ್ತಿರಲಿಲ್ಲ. ಸಭೆಯಲ್ಲಿ ಯಾರಾದರೂ ಮುಜುಗರದ ಪ್ರಶ್ನೆ ಎತ್ತಿದರೆ ಸಾಕು, ಅವರ ಅಗಲವಾದ ಅಂಗೈ ನನ್ನ ನೆತ್ತಿಯ ಮೇಲೆ ಬೀಳುತ್ತಿತ್ತು. ಠಣ್! ಸಭೆ ಬರ್ಖಾಸ್ತು. ವರ್ಷಗಟ್ಟಲೆ ಹೀಗೇ ನಡೆದು ಅದೇ ಪದ್ಧತಿಯಾಯಿತು. ಗಂಟೆ ಬಿತ್ತೆಂದರೆ ಎಲ್ಲರೂ ಏಳಬೇಕು, ಆಮೇಲೆ ಯಾರೇ ಮಾತಾಡಿದರೂ ಅದು ಸಭೆಯ ಮಾತಲ್ಲ. ಯಾವ ಕಾಯಿದೆಯಲ್ಲಿಯೂ ಇಲ್ಲದ ಈ ನಿಯಮ ನಮ್ಮೂರಿನಲ್ಲಿ ಮಾತ್ರ ಕಲ್ಲಿನ ಮೇಲೆ ಕೊರೆದಷ್ಟು ಗಟ್ಟಿಯಾಗಿತ್ತು.

ಆಮೇಲೆ ಮೀಸಲಾತಿಯ ಸರದಿ ತಿರುಗಿ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಬಂತು. ಗೌಡರು ಇಳಿದರು, ಹುಡೇದ ಓಣಿಯ ಫಕೀರವ್ವ ಆರಿಸಿ ಬಂದಳು. ಅದಕ್ಕೂ ಮುಂಚೆ ಅವಳು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಮೊದಲ ದಿನ ಮಾಲೆ ಹಾಕಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಸೀರೆಗಿನ್ನೂ ಒಗ್ಗರಣೆಯ ವಾಸನೆಯಿತ್ತು. ನನಗೆ ಅದು ಹಿತವೆನಿಸಿತು, ಇಷ್ಟು ದಿನ ಗೌಡರ ನಶ್ಯದ ವಾಸನೆಯೇ ನನ್ನ ಪಾಲಿಗಿತ್ತಲ್ಲ!

ಮರುದಿನದಿಂದ ಆ ಕುರ್ಚಿಯಲ್ಲಿ ಅವಳ ಗಂಡ ಯಮನಪ್ಪ ಕೂತ. ಊರೆಲ್ಲ ಅವನನ್ನೇ ಅಧ್ಯಕ್ಷರೇ ಎಂದು ಕರೆಯಿತು. ಸಹಿ ಬೇಕಾದ ಕಾಗದಗಳು ಅವಳ ಅಡುಗೆಮನೆಗೆ ಹೋಗಿ ಬರುತ್ತಿದ್ದವು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಆದರೆ ಸಭೆಗೆ ಬರುತ್ತಿದ್ದವರು ಅವರ ಗಂಡಂದಿರು. ಪಂಚಾಯಿತಿಯ ಸರಕಾರಿ ಅಧಿಕಾರಿ ಪಿಡಿಒ ಸಾಹೇಬರು ಇದನ್ನೆಲ್ಲ ನೋಡಬಾರದೆಂದೇ ತಿರುಗುವ ಫ್ಯಾನನ್ನು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಫಕೀರವ್ವ ಗಂಡನ ಬುತ್ತಿ ತಂದವಳು ಬಾಗಿಲಲ್ಲೇ ನಿಂತು ಕೇಳಿದಳು:

“ದನದ ದೊಡ್ಡಿ ಜಾಗಾದಾಗ ಹೆಣ್ಮಕ್ಕಳಿಗೆ ಪಾಯಖಾನಿ ಕಟ್ಟಿಸ್ತೀನಂತ ಓಣಿಗೆಲ್ಲಾ ಮಾತು ಕೊಟ್ಟೀನಿ. ಅದೇನಾತು?”

“ಅಲ್ಲಿ ಅಂಗಡಿ ಕಟ್ಟೂದೈತಿ. ರಸ್ತೆ ಬಾಜೂ ಜಾಗಾನ ಯಾರರ ಪಾಯಖಾನಿಗೆ ಕೊಡ್ತಾರೇನು? ನೀ ಮನಿಗೆ ನಡಿ.”

ಹುಡೇದ ಓಣಿಯ ಹೆಂಗಸರು ಬೆಳಕು ಹರಿಯುವ ಮೊದಲು ಹತ್ತಿ ಮಿಲ್ಲಿನ ಗೋಡೆಯ ಹಿಂದೆ ಹೋಗಿ ಬರಬೇಕು, ಇಲ್ಲವಾದರೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಫಕೀರವ್ವನ ಮಗಳು ಹಗಲು ಹೊತ್ತು ನೀರೇ ಕುಡಿಯುತ್ತಿರಲಿಲ್ಲವಂತೆ. ಅಂದು ಫಕೀರವ್ವ ಬುತ್ತಿ ಇಟ್ಟು ಹೋದಳು. ಆದರೆ ಓಣಿಗೆ ಕೊಟ್ಟ ಮಾತನ್ನು ಬಿಟ್ಟುಕೊಡಲಿಲ್ಲ.

ಕಾಲ ಕೂಡಿ ಬಂತು. ಯಮನಪ್ಪ ಮೋಟಾರ್‌ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ. ದೊಡ್ಡಿ ಜಾಗದಲ್ಲಿ ಏನು ಕಟ್ಟಬೇಕೆಂದು ತೀರ್ಮಾನಿಸುವ ಸಭೆ ಅದೇ ವಾರವಿತ್ತು. ಫಕೀರವ್ವ ಸದಸ್ಯೆಯರ ಮನೆಮನೆಗೆ ಹೋಗಿ, “ಈ ಸಲ ಗಂಡಂದಿರನ್ನ ಕಳಸಬ್ಯಾಡ್ರಿ, ನೀವ ಬರ್ರಿ. ಕೈ ಎತ್ತಿದ್ರ ಸಾಕು” ಎಂದು ಬೇಡಿಕೊಂಡಳಂತೆ. ಬಂದರು! ತಲೆಯ ಮೇಲೆ ಸೆರಗು ಹೊದ್ದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒತ್ತೊತ್ತಾಗಿ ಕೂತ ಅವರನ್ನು ಕಂಡು ನನ್ನ ಹಿತ್ತಾಳೆ ಜೀವ ಹಿಗ್ಗಿತು. ಕೈ ಎತ್ತಿದರೆ ಅವರದೇ ಗೆಲುವು.

ಫಕೀರವ್ವ ಎದ್ದು ನಿಂತು ಬಾಯಿ ತೆರೆಯುವುದರೊಳಗೆ ಗಂಡಸು ಸದಸ್ಯರು ಗದ್ದಲವೆಬ್ಬಿಸಿದರು. ಒಬ್ಬ, “ಇವತ್ತ ಊಟಕ್ಕೇನೈತ್ರಿ, ಅಧ್ಯಕ್ಷರ?” ಎಂದು ಛೇಡಿಸಿದ. ಇನ್ನೊಬ್ಬ ಮೇಜು ಕುಟ್ಟಿದ. ಅವಳ ಮಾತು ಅವಳಿಗೇ ಕೇಳಿಸದಾಯಿತು.

ಆಗ ಅವಳು ನನ್ನನ್ನು ನೋಡಿದಳು.

ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದವು, ಗದ್ದಲ ಗಪ್ಪಾಗುತ್ತಿತ್ತು. ಗಂಟೆಯೆಂದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಇಲ್ಲಿನ ಪದ್ಧತಿ ತಿಳಿಯುವುದಕ್ಕೆ ಅವಳು ಒಂದು ಸಭೆಯಲ್ಲಾದರೂ ಕೂತಿರಬೇಕಿತ್ತಲ್ಲ? ಒಲೆಯ ಸುಟ್ಟ ಕಲೆಗಳ ಕೈ ನನ್ನತ್ತ ಬಂತು. ‘ಬೇಡ ತಾಯಿ, ಬೇಡ’ ಎಂದು ಒಳಗೊಳಗೇ ಒದ್ದಾಡಿದೆ. ಒತ್ತಿಯೇಬಿಟ್ಟಳು.

ಠಣ್.

“ಮುಗೀತ್ರಪಾ ಸಭೆ!” ಎಂದು ಮೇಜು ಕುಟ್ಟಿದವನೇ ಟವೆಲ್ಲು ಕೊಡವಿ ಎದ್ದ. ಗಂಡಸರೆಲ್ಲ ನಗುತ್ತ ಎದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗಾದರೂ ಏನು ಗೊತ್ತು? ಗಂಡಸರು ಎದ್ದರೆಂದು ಅವರೂ ಎದ್ದರು.

“ಕುಂದರ್ರಿ! ನಾ ಇನ್ನ ಮಾತ ಆಡಿಲ್ಲ!” ಎಂದು ಫಕೀರವ್ವ ಕೂಗಿದಳು.

ಪಿಡಿಒ ಪೆನ್ನಿಗೆ ಮುಚ್ಚಳ ಹಾಕುತ್ತ, “ನೀವ ಗಂಟಿ ಬಾರಿಸಿದ್ರೆಲ್ರೀ ಅಮ್ಮಾರ. ಗಂಟಿ ಬಿತ್ತಂದ್ರ ಸಭೆ ಮುಗದಂಗ. ನಿಮಗ ಯಾರೂ ಹೇಳಿಲ್ಲೇನ್ರೀ?” ಎಂದರು.

“ಯಾರ್ ಹೇಳ್ತಾರ್ರೀ? ನನ್ನ ಇಲ್ಲಿ ಕುಂದರಾಕ ಬಿಟ್ಟವರು ಯಾರದಾರ?”

ಅಷ್ಟರಲ್ಲಿ ಕೋಣೆ ಖಾಲಿಯಾಗಿತ್ತು. ಇನ್ನೊಮ್ಮೆ ಸದ್ದಾದೀತೆಂದು ಹೆದರಿದವಳಂತೆ ಅವಳು ನನ್ನನ್ನು ಅಂಗೈಯಿಂದ ಮುಚ್ಚಿ ಹಿಡಿದು ನಿಂತಳು. ನನಗೆ ಅಳು ಒತ್ತರಿಸಿ ಬಂದಿತ್ತು. ಆದರೆ ಅಳುವುದಕ್ಕೂ ನನ್ನನ್ನು ಯಾರಾದರೂ ಒತ್ತಬೇಕಲ್ಲ!

ಮುಂದಿನ ಸಭೆಗೆ ಯಮನಪ್ಪ ಊರುಗೋಲು ಹಿಡಿದು ಬಂದ. ಮಿಕ್ಕ ಗಂಡಂದಿರೂ ತಮ್ಮ ತಮ್ಮ ಜಾಗಕ್ಕೆ ಮರಳಿದ್ದರು. ಅಂಗಡಿಗಳಿಗೆ ಒಪ್ಪಿಗೆಯಾಯಿತು. ಅವನು ಉಮೇದಿನಿಂದ ನನ್ನನ್ನು ಒತ್ತಿದ. ಆ ದಿನ ದ್ವೇಷಿಸಿದಷ್ಟು ನನ್ನ ದನಿಯನ್ನು ನಾನು ಎಂದೂ ದ್ವೇಷಿಸಿಲ್ಲ. ಫಕೀರವ್ವನ ಅವಧಿ ಮುಗಿಯಿತು. ಕೊಟ್ಟ ಮಾತು ತಪ್ಪಿದಳೆಂದು ಓಣಿಯ ಹೆಂಗಸರು ಬಹಳ ದಿನ ಅವಳ ಜೊತೆ ಮಾತು ಬಿಟ್ಟಿದ್ದರಂತೆ.

ಈಗ ನನಗೆ ವಯಸ್ಸಾಗಿದೆ. ಮೇಜಿನ ಮೇಲೆ ಕರೆಂಟಿನ ಬೆಲ್ಲು ಬಂದಿದೆ. ನಾನು ಕಿಟಕಿಯ ಕಟ್ಟೆಯ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದೇನೆ. ಸ್ಪ್ರಿಂಗಿಗೆ ತುಕ್ಕು ಹಿಡಿದು ದನಿ ಹೋಗಿದೆ. ಇಲ್ಲಿಂದ ದೊಡ್ಡಿ ಜಾಗದ ಅಂಗಡಿಗಳು ಕಾಣುತ್ತವೆ. ನಸುಕಿನಲ್ಲಿ ಅವುಗಳ ಮುಂದೆ ಹಾಯ್ದು ಮಿಲ್ಲಿನ ಕಡೆ ಹೋಗುವ ಹೆಂಗಸರೂ ಕಾಣುತ್ತಾರೆ.

ಮೊನ್ನೆ ಸರದಿ ಮತ್ತೆ ಹೆಣ್ಣುಮಕ್ಕಳಿಗೆ ಬಂದು, ಬಿ.ಎ. ಓದಿದ ಕಸ್ತೂರಿಯೆಂಬ ಹುಡುಗಿ ಅಧ್ಯಕ್ಷೆಯಾದಳು. ಸುದ್ದಿ ಕೇಳಿ ಫಕೀರವ್ವ ಬಂದಳು. ತಲೆಯೆಲ್ಲ ನರೆತಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಕುರ್ಚಿಯಲ್ಲಿ ಕಸ್ತೂರಿಯ ಗಂಡ ವೀರೇಶ ಕೂತಿದ್ದ.

“ಏನಾಗಬೇಕಿತ್ತು, ಯವ್ವಾ?”

“ಅಧ್ಯಕ್ಷರ ಕೂಡ ಮಾತಾಡೂದಿತ್ತು.”

“ಆಕಿ ಮನ್ಯಾಗದಾಳ. ನನಗ ಹೇಳ್ರಿ. ನನಗ ಹೇಳಿದ್ರೂ ಒಂದ, ಆಕಿಗೆ ಹೇಳಿದ್ರೂ ಒಂದ.”

ಫಕೀರವ್ವ ಸುತ್ತ ನೋಡಿದಳು. ಕಿಟಕಿಯಲ್ಲಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ಹತ್ತಿರ ಬಂದು ಸೆರಗಿನ ತುದಿಯಿಂದ ಧೂಳು ಒರೆಸಿ, ಮೆಲ್ಲಗೆ ಒತ್ತಿದಳು. ‘ಟಕ್’ ಎಂದೆ, ಅಷ್ಟೇ. ಯಾರೂ ಏಳಲಿಲ್ಲ.

“ಒಂದ ಅಲ್ಲೋ, ತಮ್ಮಾ” ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ಮನೆಯ ಕಡೆ ಹೋಗಲಿಲ್ಲ. ಎದುರಿಗೇ ಇರುವ ಕಸ್ತೂರಿಯ ಮನೆಗೆ ಹೋದಳು. ಬಾಗಿಲು ಹಾಕಿತ್ತು. ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಎಷ್ಟೋ ಬಾಯಿಗಳನ್ನು ಮುಚ್ಚಿಸಿದ ನನ್ನ ದನಿ ಹೋಯಿತೆಂದು ನನಗೆ ದುಃಖವಿಲ್ಲ. ಆ ಒಂದು ಬಾಗಿಲು ತಟ್ಟುವ ಸದ್ದು ಮಾತ್ರ ಇನ್ನೂ ಕೇಳಬೇಕೆನಿಸುತ್ತದೆ. ಕತ್ತಲಾಗಿ ಕಣ್ಣಿಗೆ ಕಾಣದಾಗುವ ತನಕ ನೋಡುತ್ತಲೇ ಇದ್ದೆ. ಬಾಗಿಲು ತೆರೆದದ್ದನ್ನು ನಾನು ಕಾಣಲಿಲ್ಲ. ಅವಳು ಎದ್ದು ಹೋದದ್ದನ್ನೂ ಕಾಣಲಿಲ್ಲ.