ಮೈಕಕ್ಕನ ಹಲ್ಲಿನ ಪಾರ್ಸಲ್ಲು

ಬಸ್‌ಸ್ಟ್ಯಾಂಡಿನ ಮೈಕಕ್ಕನಿಗೆ ಮೇಲಿನ ಸಾಲಿನಲ್ಲಿ ಸ್ವಂತದ್ದು ಎನ್ನುವ ಒಂದೇ ಒಂದು ಹಲ್ಲೂ ಇಲ್ಲ ಎಂಬ ಸಂಗತಿ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬಳು ಅವಳ ಮಗಳು. ಉಳಿದವರಿಗೆ ಗೊತ್ತಿದ್ದುದು ಅವಳ ಸ್ವರ ಮಾತ್ರ. ಆ ಊರಿನಲ್ಲಿ ಬಸ್ಸು ಹತ್ತಿದ ಪ್ರತಿಯೊಬ್ಬರೂ ಅದನ್ನು ಕೇಳಿಯೇ ಹತ್ತಿದವರು. ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಅವಳು ‘ಬಂದರಿಗೆ ಹೋಗುವ ಬಸ್ಸು ಎರಡನೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆ’ ಎಂದರೆ, ಮಲಗಿದ್ದ ಮಗುವೂ ಎದ್ದು ಚೀಲ ಹಿಡಿದುಕೊಳ್ಳಬೇಕು, ಹಾಗೆ ಹೇಳುತ್ತಿದ್ದಳು.

ಹಲ್ಲಿನ ವಿಷಯ ಅವಳು ಮುಚ್ಚಿಟ್ಟಿದ್ದಕ್ಕೆ ಕಾರಣವಿತ್ತು. ಆ ಬಸ್‌ಸ್ಟ್ಯಾಂಡಿನವರಿಗೆ ಒಂದು ಚಾಳಿ. ಯಾರ ಮೈಯಲ್ಲಿ ಏನು ಊನ ಕಂಡರೂ ಅದನ್ನೇ ಹೆಸರಾಗಿ ಅಂಟಿಸಿಬಿಡುತ್ತಿದ್ದರು. ಗುಡಿಸುವ ಮುದುಕನ ಹಲ್ಲಿನ ಸೆಟ್ಟು ಒಮ್ಮೆ ಸೀನುವಾಗ ಹೊರಗೆ ಹಾರಿತ್ತು. ಅಂದಿನಿಂದ ಅವನು ‘ಹಾರೋ ಹಲ್ಲು’. ಅವನು ನಿವೃತ್ತನಾಗಿ ಹೋದರೂ ಆ ಹೆಸರು ಮಾತ್ರ ನಿವೃತ್ತವಾಗಿರಲಿಲ್ಲ. ಮೈಕಕ್ಕ ಎಂಬ ಗೌರವದ ಹೆಸರನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದವಳು ಈಗ ಅದನ್ನು ಕಳೆದುಕೊಳ್ಳಲು ಸಿದ್ಧಳಿರಲಿಲ್ಲ.

ಇಂಥವಳ ಸೆಟ್ಟು ಒಂದು ಬೆಳಿಗ್ಗೆ ತೊಳೆಯುವಾಗ ಕೈಜಾರಿ ಸಿಂಕಿಗೆ ಬಿದ್ದು ಎರಡು ತುಂಡಾಯಿತು. ಡಾಕ್ಟರು ಅದನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಿದರು. ತಾನು ರಜೆಯ ಮೇಲೆ ಹೋಗುತ್ತಿದ್ದೇನೆ, ಹೊಸದು ಕೊರಿಯರಿನಲ್ಲಿ ನೇರ ಮನೆಗೇ ಬರುತ್ತದೆ, ತೊಳೆದು ಹಾಕಿಕೊಂಡರಾಯಿತು ಎಂದು ಹೇಳಿ ಬಾಗಿಲೆಳೆದುಕೊಂಡು ಹೋದರು. ಮೈಕಕ್ಕ ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಒಂದು ಮೆಸೇಜು ಹಾಕಿದಳು: ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬಾರದು ಎಂದಿದ್ದಾರೆ.

ಕಂಟ್ರೋಲರ ಉತ್ತರ ಓದಿ ಅವಳ ಎದೆ ಧಸಕ್ಕೆಂದಿತು. ‘ರೆಸ್ಟ್ ತಗೊಳ್ಳಿ. ಹೆಡ್ ಆಫೀಸಿನವರು ಕಳಿಸಿದ ರೆಕಾರ್ಡಿಂಗ್ ಮೆಷಿನ್ನು ಗೋಡೌನಲ್ಲಿ ಬಿದ್ದಿತ್ತು, ಅದನ್ನೇ ಹಾಕ್ತಿದೀವಿ. ಸೋಮವಾರ ನೀವು ಬರದಿದ್ರೆ ಅದನ್ನೇ ಕಾಯಂ ಮಾಡಿ ಅಂತ ಮೇಲಿನವರು ಹೇಳ್ತಿದಾರೆ. ನನ್ನ ಕೈಲೇನೂ ಇಲ್ಲ ಅಕ್ಕ.’

ಸೋಮವಾರದೊಳಗೆ ಹಲ್ಲು ಬರಬೇಕು. ಬರದಿದ್ದರೆ ಆ ಗಾಜಿನ ಗೂಡು, ಆ ಕುರ್ಚಿ, ಆ ಮೈಕು ಯಾವುದೋ ಡಬ್ಬಿಯ ಪಾಲು. ಹಲ್ಲು ಕಚ್ಚಿಕೊಂಡು ಕಾಯೋಣ ಎಂದರೆ ಅದಕ್ಕೂ ಹಲ್ಲು ಬೇಕಲ್ಲ. ಹಾಲಿನಲ್ಲಿ ಅದ್ದಿದ ಬ್ರೆಡ್ಡು ನುಂಗುತ್ತ, ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವಳು ಕಾದಳು.

ಬುಧವಾರ ಮಧ್ಯಾಹ್ನ ಬೆಲ್ಲು ಸದ್ದು ಮಾಡಿತು. ಮೈಕಕ್ಕ ಕರ್ಚೀಫು ಬಾಯಿಗೊತ್ತಿಕೊಂಡು ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟಳು. ಚಿಲಕಕ್ಕೆ ಹೋಗಿದ್ದ ಕೈ ಅಲ್ಲೇ ನಿಂತಿತು. ಹೊರಗೆ ನಿಂತಿದ್ದವನು ಗೋಣಿ.

ಗೋಣಿ ಎಂದರೆ ಊಟದ ಹೊತ್ತಿಗೆ ಅವಳ ಗಾಜಿನ ಗೂಡಿನ ಕೆಳಗಿನ ಬೆಂಚಿನ ಮೇಲೇ ಡಬ್ಬಿ ಬಿಚ್ಚುವ ಕೊರಿಯರಿನವನು. ಬೆನ್ನ ಮೇಲಿನ ಚೀಲ ಅವನಿಗಿಂತ ದೊಡ್ಡದು, ಅದಕ್ಕೇ ಆ ಹೆಸರು. ಬಸ್‌ಸ್ಟ್ಯಾಂಡಿನ ಸಮಸ್ತ ಸುದ್ದಿಯೂ ಆ ಬೆಂಚಿನ ಮೇಲೆಯೇ ಹುಟ್ಟುತ್ತಿತ್ತು. ಬೋಳು ಬಾಯಿಯಲ್ಲಿ ಇವನಿಗೆ ಕಾಣಿಸಿಕೊಂಡರೆ ಕಂಟ್ರೋಲರಿಂದ ಕಡಲೆ ಮಾರುವವನ ತನಕ ಎಲ್ಲರಿಗೂ ಸಂಜೆಯೊಳಗೆ ಹಬ್ಬ. ಸುಮ್ಮನೆ ಕೈ ಚಾಚಿ ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಫೋನಿಗೆ ಬಂದ ಕೋಡ್ ನಂಬರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಮೈಕಕ್ಕ ಉಸಿರು ಬಿಗಿಹಿಡಿದು ನಿಂತಳು. ಅವನು ಮತ್ತೆರಡು ಸಲ ಬೆಲ್ಲು ಒತ್ತಿದ, ಫೋನು ಮಾಡಿದ. ಫೋನು ಅವಳ ಕೈಯಲ್ಲೇ ನಡುಗಿತು. ಆಮೇಲೆ ಹೆಜ್ಜೆ ಸದ್ದು ಮೆಟ್ಟಿಲಿಳಿಯಿತು. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ಮನೆಯಲ್ಲಿ ಯಾರೂ ಇರಲಿಲ್ಲ.

ಸಂಜೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದ ಮಗಳು ಆ ಮೆಸೇಜು ನೋಡಿ ಕೆಂಡವಾದಳು. ಮಗಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದಕ್ಕೆ ಚಪ್ಪಲಿ ಬಿಚ್ಚುವಷ್ಟು ಪುರುಸೊತ್ತೂ ಬೇಡ.

“ಅಮ್ಮ, ನೀನು ಎಲ್ಲಾದ್ರೂ ಹೋಗಿದ್ಯಾ?”

ಮೈಕಕ್ಕ ಇಲ್ಲವೆಂದು ತಲೆಯಾಡಿಸಿದಳು.

“ಬೆಲ್ಲು ಹೊಡೆದ್ರಾ?”

ಈಗ ನಿಜ ಹೇಳಬಹುದಿತ್ತು. ಹೇಳಿದ್ದರೆ ಮಗಳು ನಕ್ಕು, ಬೈದು, ಮಾರನೇ ದಿನ ತಾನೇ ರಜೆ ಹಾಕಿ ಕೂತಿರುತ್ತಿದ್ದಳೇನೋ. ಆದರೆ ನಾಚಿಕೆಗೆ ಬುದ್ಧಿ ಎಲ್ಲಿರುತ್ತದೆ. ಮೈಕಕ್ಕ ಮತ್ತೆ ಇಲ್ಲವೆಂದೇ ತಲೆಯಾಡಿಸಿದಳು.

ಮಗಳು ಕೊರಿಯರಿನವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದು ರೆಕಾರ್ಡಾದ ಹೆಂಗಸಿನ ದನಿ ಹೇಳಿತು. ಆಮೇಲೆ ಸಂಗೀತ. ಆಮೇಲೆ ಮತ್ತೆ ಅದೇ ದನಿ. ಮೈಕಕ್ಕನಿಗೆ ಆ ದನಿ ಕೇಳಿ ಮೈಯೆಲ್ಲ ಉರಿಯಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸದೆ, ಎಲ್ಲಿ ಓಡಬೇಕೋ ಅಲ್ಲಿ ಓಡದೆ, ಉಪ್ಪು ಖಾರ ಎರಡೂ ಇಲ್ಲದ ದನಿ. ತನ್ನ ಗಾಜಿನ ಗೂಡಿನಲ್ಲಿ ಈಗ ಇಂಥದ್ದೇ ಒಂದು ಕೂತು ಬಸ್ಸು ಕರೆಯುತ್ತಿದೆ ಎಂದು ನೆನೆದು ಅವಳಿಗೆ ಬ್ರೆಡ್ಡೂ ಇಳಿಯಲಿಲ್ಲ. ಕೊನೆಗೊಬ್ಬ ಗುಮಾಸ್ತ ಸಿಕ್ಕಿದ.

“ನಮ್ಮವರು ಬಂದಿದ್ರು ಮೇಡಂ.”

“ಬಂದಿದ್ದು ಯಾರ ಮನೆಗೆ? ನಮ್ಮಮ್ಮ ಬೆಳಗಿಂದ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಎದ್ದಿಲ್ಲ.”

“ನಾಳೆ ಮತ್ತೆ ಬರ್ತಾರೆ.”

“ಬೇಡ, ನಮ್ಮ ಅಂಗಡಿಗೆ ಕಳಿಸಿ.”

“ವಿಳಾಸ ಬದಲಾಯಿಸೋಕಾಗಲ್ಲ ಮೇಡಂ.”

“ಸರಿ, ನಾನೇ ನಿಮ್ಮ ಆಫೀಸಿಗೆ ಬಂದು ತಗೊಳ್ತೀನಿ.”

“ಇದು ಗೋಡೌನು ಮೇಡಂ. ಸಾರ್ವಜನಿಕರನ್ನ ಒಳಗೆ ಬಿಡಲ್ಲ.”

ಮಗಳು ಅವನ ಬೆವರಿಳಿಸಲು ನೋಡಿದಳು, ಅವನು ಇಳಿಸಿಕೊಳ್ಳಲಿಲ್ಲ. ಅವನಿಗೆ ಇಂಥ ಹತ್ತಾರು ಹೆಣ್ಣುಮಕ್ಕಳು ದಿನವೂ ಬೈಯುತ್ತಿದ್ದರು. ಫೋನಿಟ್ಟ ಮೇಲೆ ಮಗಳು ಅಮ್ಮನ ಪಕ್ಕ ಕೂತು, “ಪಾಪ, ನಿನ್ನ ಗತಿ ನೋಡು. ಆ ಸುಳ್ಳುಬುರುಕನ್ನ ನಾನು ಸುಮ್ನೆ ಬಿಡಲ್ಲ” ಎಂದಳು. ಪಾಪ ಎಂದು ಸವರಿದ ಆ ಕೈ ಮೈಕಕ್ಕನಿಗೆ ಮುಳ್ಳಿನಂತೆ ಚುಚ್ಚಿತು.

ಗುರುವಾರವೂ ಅದೇ ಕಥೆ. ಗೋಣಿ ಬಂದ, ಮೈಕಕ್ಕ ಕಿಂಡಿಯ ಈಚೆ ನಿಂತಳು. ಈ ಸಲ ತೆಗೆದೇಬಿಡೋಣವೆಂದು ಕನ್ನಡಿಯ ಮುಂದೆ ಕೋಡು ಹೇಳಿ ನೋಡಿಕೊಂಡಿದ್ದಳು ಕೂಡ. ಹೇಳಿದ್ದರಲ್ಲಿ ಅರ್ಧ ಗಾಳಿಯಾಗಿ ಹೋಯಿತು, ಇನ್ನರ್ಧ ಯಾರೋ ಮುದುಕಿ ನಿದ್ದೆಯಲ್ಲಿ ಗೊಣಗಿದಂತಿತ್ತು. ಅದನ್ನು ಕೇಳಿದ್ದರಿಂದಲೇ ಕೈ ಚಿಲಕದ ಹತ್ತಿರಕ್ಕೂ ಹೋಗಲಿಲ್ಲ. ಸಂಜೆ ಮಗಳು ಗುಮಾಸ್ತನನ್ನು ದಾಟಿ ಸೂಪರ್‌ವೈಸರನ ತನಕ ಹೋದಳು. ‘ನಿಮ್ಮವನು ಬರದೇನೇ ಬಂದೆ ಅಂತ ಬರೀತಾನೆ’ ಎಂದು ದೂರು ಬರೆಸಿದಳು. ನಾಳೆ ಕೊನೆಯ ಸಲ, ಆಮೇಲೆ ಪಾರ್ಸಲ್ಲು ವಾಪಸು ಲ್ಯಾಬಿಗೆ ಹೋಗುತ್ತದೆ, ಆ ಮನುಷ್ಯನ ಮೇಲೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರ ಹೇಳಿದ. ಮಗಳು ಗೆದ್ದವಳಂತೆ ಫೋನಿಟ್ಟಳು.

ಶುಕ್ರವಾರ ಮಧ್ಯಾಹ್ನ ಬೆಲ್ಲು ಒಂದೇ ಸಲ ಸದ್ದು ಮಾಡಿತು. ಆಮೇಲೆ ಬಾಗಿಲಿನಾಚೆಯಿಂದ ಮಾತು ಬಂತು.

“ಅಕ್ಕಾ, ನೀವು ಒಳಗಿದೀರಿ. ಕಿಂಡೀಲಿ ನೆರಳು ಕಾಣ್ತಿದೆ.”

ಮೈಕಕ್ಕ ಕಿಂಡಿಯಿಂದ ಪಕ್ಕಕ್ಕೆ ಸರಿದಳು.

“ನನ್ ಮೇಲೆ ದೂರು ಹೋಗಿದೆ ಅಕ್ಕ. ಬರದೇನೇ ಬಂದೆ ಅಂತ ಬರೀತೀನಂತೆ. ಇವತ್ತು ಇದು ತಲುಪಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂದಿದಾರೆ.” ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದು ಹೇಳಿದ, “ನಾನು ಬಯ್ಯೋಕೆ ಬಂದಿಲ್ಲ. ಒಂದ್ಸಲ ತೆಗೀರಿ, ಸಾಕು.”

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ಮೈಕಕ್ಕನನ್ನು ಮುರಿದು ಹಾಕಿತು. ಸಿಟ್ಟಾಗಿದ್ದರೆ ಅವಳೂ ಗಟ್ಟಿಯಾಗಿ ನಿಂತುಬಿಡುತ್ತಿದ್ದಳೋ ಏನೋ. ತನ್ನ ಕುರ್ಚಿ ಹೋಗುತ್ತದೆಂದು ವಾರವಿಡೀ ಒದ್ದಾಡಿದವಳು ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕರ್ಚೀಫನ್ನು ಕುರ್ಚಿಯ ಮೇಲೆ ಬಿಸಾಕಿ ಚಿಲಕ ತೆಗೆದಳು.

ಗೋಣಿ ಸಣ್ಣದೊಂದು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅಷ್ಟರಲ್ಲೇ ಅವನ ಫೋನು ಕೂಗಿತು. ಸೂಪರ್‌ವೈಸರ. “ಎಲ್ಲಿದೀಯಾ? ಬಾಗಿಲು ಹಾಕಿದ್ರೆ ಫೋಟೋ ಕಳಿಸು, ಇಲ್ಲಾಂದ್ರೆ ನಿನ್ನ ಕಥೆ ನಾನು ನಂಬಲ್ಲ” ಎನ್ನುವುದು ಮೈಕಕ್ಕನಿಗೂ ಕೇಳಿಸಿತು. ಅವಳು ಕೈ ಚಾಚಿ ಫೋನು ಕಿತ್ತುಕೊಂಡಳು.

“ನಾನು ಆ ಮನೆಯವಳೇ ಮಾತಾಡ್ತಿರೋದು. ಇವರು ಮೂರು ದಿನಾನೂ ಬಂದಿದ್ರು.”

“ಏನು ಮೇಡಂ? ಏನೂ ಅರ್ಥ ಆಗ್ಲಿಲ್ಲ.”

ಅರ್ಥವಾಗದ್ದು ಸಹಜ. ಬಾಯಿಂದ ಹೊರಟದ್ದು ಬರೀ ಗಾಳಿ. ಆದರೆ ಮೈಕಕ್ಕನ ಕಸುಬಿನಲ್ಲಿ ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಡುವ ಪದ್ಧತಿಯಿಲ್ಲ. ಮೊದಲನೆಯದು ಜನ ಕಿವಿ ನಿಮಿರಿಸಲಿಕ್ಕೆ, ಎರಡನೆಯದು ಅವರು ಕೇಳಿಸಿಕೊಳ್ಳಲಿಕ್ಕೆ. ಅವಳು ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯಿಂದ ಉಸಿರೆಳೆದು, ಒಂದೊಂದೇ ಪದ ಬಿಡಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಿದಳು.

“ಇವರು ಮೂರು ದಿನಾನೂ ಬಂದಿದಾರೆ. ನಾನು ಒಳಗೇ ಇದ್ದೆ. ಬಾಯಲ್ಲಿ ಹಲ್ಲಿಲ್ಲ, ನಾಚಿಕೆಯಾಯ್ತು, ಬಾಗಿಲು ತೆಗೀಲಿಲ್ಲ. ದೂರು ಸುಳ್ಳು. ಅದನ್ನ ಹೊಡೆದು ಹಾಕಿ.”

ಆಚೆ ಕಡೆಯಿಂದ, “ಆಯ್ತಮ್ಮ. ತೆಗೆದು ಹಾಕ್ತೀನಿ” ಎಂದು ತೀರ ಮೆತ್ತಗೆ ಬಂತು.

ಮೈಕಕ್ಕ ಫೋನು ವಾಪಸು ಕೊಟ್ಟಳು. ಕೋಡು ಹೇಳಿದಳು. ಗೋಣಿ ಮರುಮಾತಿಲ್ಲದೆ ಒತ್ತಿಕೊಂಡ, ಒಂದು ಅಂಕಿಯನ್ನೂ ಮತ್ತೆ ಕೇಳಲಿಲ್ಲ. ಡಬ್ಬ ಕೈಗಿತ್ತ. ಆಗ ಅವಳಿಗೆ ಕಾಣಿಸಿತು, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ದಂತ ಪ್ರಯೋಗಾಲಯ. ಒಡೆಯುವ ವಸ್ತು. ಹಲ್ಲಿನ ಸೆಟ್ಟು, ಮೇಲಿನದು.

“ನಿಮಗೆ ಗೊತ್ತಿತ್ತಾ?”

“ಬುಧವಾರಾನೇ ಗೊತ್ತಿತ್ತು ಅಕ್ಕ. ನಾನು ಓದು ಬರದವನಲ್ಲವಲ್ಲ.” ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. “ಬೇರೆ ಪಾರ್ಸಲ್ಲಾಗಿದ್ರೆ ಎರಡನೇ ದಿನಾನೇ ವಾಪಸ್ ಹಾಕ್ತಿದ್ದೆ. ಇದು ಇಲ್ದೆ ನೀವು ಊಟ ಹೇಗೆ ಮಾಡ್ತೀರಿ ಅಂತ ಬಂದೆ.”

“ಸ್ಟ್ಯಾಂಡಲ್ಲಿ?”

“ಕೇಳಿದ್ರು. ಗಂಟಲು ಪೂರ್ತಿ ಕಟ್ಟಿದೆ, ನಾನೇ ಕಣ್ಣಾರೆ ನೋಡ್ದೆ ಅಂದೆ.”

ಮೈಕಕ್ಕನಿಗೆ ನಗು ಬಂತು. ತಡೆಯಲು ಕೈ ಬಾಯಿಗೆ ಹೋಯಿತು. ಆಮೇಲೆ ಇವನ ಮುಂದೆ ಇನ್ನೇನು ಎನಿಸಿ ಕೈ ಇಳಿಸಿ, ಬೋಳು ಬಾಯಿ ಬಿಟ್ಟು ನಕ್ಕಳು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನಲ್ಲೇ ಇಳಿದು ಹೋಯಿತು. ಗೋಣಿಯೂ ನಕ್ಕ, ಟೀ ಬೇಡವೆಂದ, ಇನ್ನೂ ಅರ್ಧ ಚೀಲ ಬಾಕಿಯಿದೆ ಎಂದು ಮೆಟ್ಟಿಲಿಳಿದ.

ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದಳು. ಹೊಸ ಹಲ್ಲು ಬಾಯಲ್ಲಿದ್ದುದರಿಂದ ಒಂದಕ್ಷರವೂ ತಪ್ಪದೆ ಹೇಳಿದಳು. ಮಗಳು ಮೊದಲು ನಂಬಲಿಲ್ಲ, ಆಮೇಲೆ ಎದ್ದು ನಿಂತಳು.

“ಎರಡು ದಿನ ಆ ಮನುಷ್ಯನ ಜನ್ಮ ಜಾಲಾಡಿದೀನಮ್ಮ ನಾನು. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆ.”

“ಬಾಯಿ ತೆಗೆಯೋ ಹಾಗಿರಲಿಲ್ಲ ಕಣೇ.”

“ನನ್ ಮುಂದೆನೂ?”

ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ಅಮ್ಮನ ಗಲ್ಲ ಹಿಡಿದು ಹೊಸ ಸೆಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿ, “ಹಳೇದಕ್ಕಿಂತ ಚೆನ್ನಾಗಿದೆ” ಎಂದಳು. ಆ ರಾತ್ರಿ ಮೈಕಕ್ಕ ಹೊಟ್ಟೆ ತುಂಬ ಉಂಡು, ತಲೆದಿಂಬಿಗೆ ತಲೆಯಿಟ್ಟ ಕೂಡಲೇ ನಿದ್ದೆಹೋದಳು.

ಸೋಮವಾರ ಬೆಳಿಗ್ಗೆ ಅವಳು ಗಾಜಿನ ಗೂಡಿಗೆ ಹೋದಾಗ ರೆಕಾರ್ಡಿಂಗ್ ಮೆಷಿನ್ನು ಆಗಲೇ ಮೂಲೆಗೆ ಸರಿದಿತ್ತು. ಶನಿವಾರ ಬಂದರಿನ ಬಸ್ಸು ಕೆಟ್ಟು ನಿಂತಿದ್ದಾಗಲೂ ಆ ಡಬ್ಬಿ ಗಡಿಯಾರ ನೋಡಿಕೊಂಡು ‘ಬಸ್ಸು ಹೊರಡುತ್ತಿದೆ’ ಎಂದು ಕೂಗುತ್ತಲೇ ಇತ್ತಂತೆ. ಜನ ಲಗೇಜು ಹೊತ್ತು ಇಲ್ಲದ ಬಸ್ಸಿಗಾಗಿ ಓಡಾಡಿ, ಕೊನೆಗೆ ಕಂಟ್ರೋಲರನ್ನು ಮುತ್ತಿಕೊಂಡಿದ್ದರಂತೆ.

“ನೀವು ಬಂದ್ರಲ್ಲ, ನನಗೆ ಹೋದ ಜೀವ ಬಂತು” ಎಂದು ಕಂಟ್ರೋಲರು ಬಾಗಿಲಲ್ಲಿ ನಿಂತರು. “ಹೆಡ್ ಆಫೀಸಿಗೆ ಹೇಳಿಬಿಟ್ಟೆ, ಇನ್ನು ಆ ಡಬ್ಬಿ ಸಹವಾಸ ಬೇಡ ಅಂತ. ಗಂಟಲು ಹೇಗಿದೆ ಅಕ್ಕ?”

ಮೈಕಕ್ಕ ಕುರ್ಚಿ ಎಳೆದುಕೊಂಡಳು. ಗಾಜಿನಾಚೆ ಬೆಂಚುಗಳ ತುಂಬ ಜನವಿದ್ದರು. ಡ್ರೈವರುಗಳು, ಕಂಡಕ್ಟರುಗಳು, ಕಡಲೆಯವನು. ಅವಳು ಮೈಕಿನ ಸ್ವಿಚ್ಚು ಒತ್ತಿದಳು, ಕೆಂಪು ದೀಪ ಹೊತ್ತಿದ್ದನ್ನು ನೋಡಿಕೊಂಡಳು, ಆಮೇಲೆ ಕಂಟ್ರೋಲರ ಕಡೆ ತಿರುಗದೆ ಉತ್ತರ ಕೊಟ್ಟಳು.

“ಗಂಟಲಿಗೆ ಏನೂ ಆಗಿರಲಿಲ್ಲ. ನನ್ನ ಹಲ್ಲಿನ ಸೆಟ್ಟು ಮುರಿದಿತ್ತು.”

ಮಾತು ಇಡೀ ಬಸ್‌ಸ್ಟ್ಯಾಂಡಿನಲ್ಲಿ ಮೊಳಗಿತು. ಬೆಂಚಿನ ಮೇಲಿದ್ದವರೆಲ್ಲ ತಲೆಯೆತ್ತಿ ಗಾಜಿನ ಗೂಡಿನ ಕಡೆ ನೋಡಿದರು. ಕಂಟ್ರೋಲರು ಗಾಬರಿಯಿಂದ, “ಅಕ್ಕ, ಮೈಕು ಆನ್ ಇದೆ” ಎಂದು ಪಿಸುಗುಟ್ಟಿದರು.

“ಗೊತ್ತು” ಎಂದಳು ಮೈಕಕ್ಕ. ಪದ್ಧತಿಯಂತೆ ಅದನ್ನೇ ಇನ್ನೊಂದು ಸಲ ಹೇಳಿದಳು.