ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ

ರಂಪೈಗೆ ಸಾಕುಸಾಕಾಗಿಹೋಗಿತ್ತು. ಪ್ರವಾಹ ತಡೆಯುವ ಗೋಡೆ ಎಂಬ ಶನಿ ಅವಳ ಹೆಗಲೇರಿ ಮೂರು ಮಳೆಗಾಲ ಕಳೆದಿದ್ದವು. ಪುರಸಭೆಯ ಎಂಜಿನಿಯರ್ ಆದ ತಪ್ಪಿಗೆ ಅವಳು ನಕ್ಷೆಯ ಮೇಲೆ ಗೆರೆ ಎಳೆಯುವುದು, ಮೇಲಿನವರು ಅಳಿಸುವುದು, ಅವಳು ಮತ್ತೆ ಎಳೆಯುವುದು. ಇದೇ ಆಯಿತು. ಮೊದಲ ಗೆರೆ ಯೋಮ್ ನದಿಯ ದಡದ ಅಂಚಿನಲ್ಲೇ ಇತ್ತು, ಊರೆಲ್ಲ ಅದರ ಒಳಗಿತ್ತು. ಅಲ್ಲಿನ ಮಣ್ಣು ಮೆದು, ಕಂಬಗಳನ್ನು ತುಂಬಾ ಆಳಕ್ಕೆ ಇಳಿಸಬೇಕು, ಅಷ್ಟೊಂದು ಖರ್ಚು ಯಾರಿಗೆ ಬೇಕು ಎಂದು ಪ್ರಾಂತ್ಯದ ಕಚೇರಿಯವರು ಗೆರೆಯನ್ನು ಮಾರುಕಟ್ಟೆ ರಸ್ತೆಗೆ ಸರಿಸಿದರು. ಪೇಟೆ ಗೋಡೆಯ ಒಳಗೆ ಬಂತು, ದಡದ ಸಾಲುಮನೆಗಳು ಹೊರಗೆ ಬಿದ್ದವು. ಪೇಟೆಗೆ ನುಗ್ಗಲಾರದ ನೀರು ಗೋಡೆಗೆ ಬಡಿದು ಆ ಮನೆಗಳ ಮೇಲೇ ಏರುತ್ತದೆ ಎಂದು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ರಂಪೈ ಈಗ ಪೇಟೆಯಲ್ಲಿ ಮನೆ ಮಾಡಿದ್ದರೂ ಹುಟ್ಟಿ ಬೆಳೆದದ್ದು ಆ ಸಾಲಿನಲ್ಲೇ.

ಉಳಿದಿದ್ದು ಒಂದೇ ದಾರಿ. ಕೊನೆಯ ಊರಸಭೆಯಲ್ಲಿ ದಡದವರು ಯಾರಾದರೊಬ್ಬರು ಎದ್ದು ಒಪ್ಪಿಗೆಯಿಲ್ಲ ಎಂದರೆ ಸಾಕು, ಯೋಜನೆ ಪ್ರಾಂತ್ಯಕ್ಕೆ ವಾಪಸು ಹೋಗುತ್ತದೆ, ಹಳೆಯ ಗೆರೆಗೆ ಮತ್ತೆ ಜೀವ ಬರುತ್ತದೆ. ಆದರೆ ಎದುರಿಗಿರುವವರ ಮುಖ ಸಣ್ಣದಾಗುವ ಮಾತನ್ನು ಆಡುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎನ್ನುವ ಜನ ನಾವು. ಹೊಟ್ಟೆ ಬಿರಿಯುತ್ತಿದ್ದರೂ ಬಡಿಸಿದವರ ಮನಸ್ಸು ನೋಯಬಾರದೆಂದು ನಗುನಗುತ್ತಾ ಇನ್ನೊಂದು ತಟ್ಟೆ ಉಣ್ಣುತ್ತೇವೆ.

ಸಭೆಯ ಹಿಂದಿನ ದಿನ ರಂಪೈ ದಡದ ಸಾಲಿನಲ್ಲೇ ಇದ್ದ ದೊಡ್ಡಮ್ಮ ಲಮ್ಯೈಯ ಮನೆಗೆ ಹೋದಳು.

"ದೊಡ್ಡಮ್ಮಾ, ನಾಳೆ ನೀನು ಏಳ್ಬೇಕು. ಬೇಡ ಅನ್ಬೇಕು. ಅಷ್ಟೇ, ಇನ್ನೇನೂ ಬೇಕಾಗಿಲ್ಲ."

"ಮೊದ್ಲು ಊಟ ಮಾಡು. ಬಾಡಿದ ಬದನೆಕಾಯಿ ಥರ ಆಗಿದ್ದೀಯ. ನಿನ್ನ ರಕ್ತ ಹೀರ್ತಿರೋದು ಸೊಳ್ಳೇನೋ, ಪುರಸಭೇನೋ?"

"ತಮಾಷೆ ಮಾಡ್ಬೇಡ. ಏಳ್ತೀಯೋ ಇಲ್ವೋ?"

"ಆಯ್ತು ಕಣೇ, ಏಳ್ತೀನಿ. ಇನ್ನೊಂದು ತುಂಡು ಮೀನು ಹಾಕ್ಕೋ."

ಮಾರನೆಯ ದಿನ ವಿಹಾರದ ಸಭಾಂಗಣ ತುಂಬಿತ್ತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿದ್ದವು. ವೇದಿಕೆಯ ಮೇಲೆ ಜಿಲ್ಲಾಧಿಕಾರಿ, ಅವರ ಪಕ್ಕದಲ್ಲಿ ಪುರಸಭಾಧ್ಯಕ್ಷ ಬುನ್‌ರೋಡ್, ಕೊನೆಯ ಕುರ್ಚಿಯಲ್ಲಿ ರಂಪೈ. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿ ಈ ಕೆಲಸಕ್ಕೆ ಸೇರಿಸಿದವರು ಬುನ್‌ರೋಡ್. ಗೆರೆ ಹಿಂದೆ ಸರಿದಾಗಲೂ, "ಇಷ್ಟಾದ್ರೂ ಸಿಕ್ತಲ್ಲಮ್ಮ" ಎಂದು ಮಗುವಿನಂತೆ ಹಿಗ್ಗಿದ್ದರು.

"ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ," ಎಂದರು ಜಿಲ್ಲಾಧಿಕಾರಿ.

ಯಾರೂ ಮಿಸುಕಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಸದ್ಯ, ಬದುಕಿದೆವು ಎಂದುಕೊಂಡಳು ರಂಪೈ.

"ಸ್ವಾಮೀ," ಎಂದು ಕೈಮುಗಿದ ದೊಡ್ಡಮ್ಮ ವೇದಿಕೆಯ ಕೊನೆಯ ಕುರ್ಚಿಯತ್ತ ನೋಡಿದಳು. "ನಮ್ಮನೆ ಹುಡುಗಿ ಈ ಗೋಡೆಗೋಸ್ಕರ ಬಿಸಿಲು ಮಳೆ ಅನ್ನದೆ ಅಲೆದಿದ್ದಾಳೆ. ಅವಳು ಎಳೆದ ಗೆರೇನ ನಾವೇ ಬೇಡ ಅನ್ನೋಕಾಗುತ್ತಾ? ದಡದವರೆಲ್ಲರ ಪರವಾಗಿ ಉಪಕಾರ ಆಯ್ತು ಅಂತೀನಿ."

ಚಪ್ಪಾಳೆ ಬಿತ್ತು. ದಡದವರೇ ಜೋರಾಗಿ ತಟ್ಟಿದರು, ಪುಣ್ಯಾತ್ಮರು.

ಜಿಲ್ಲಾಧಿಕಾರಿ ರಂಪೈಯತ್ತ ತಿರುಗಿ, "ಎಂಜಿನಿಯರಮ್ಮ, ನೀವು ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಹೇಳುವುದು ಬೆಟ್ಟದಷ್ಟಿತ್ತು. ಬುನ್‌ರೋಡ್ ಹೆಮ್ಮೆಯಿಂದ ಅವಳನ್ನೇ ನೋಡಿ ನಗುತ್ತಿದ್ದರು. ಈಗ ಬಾಯಿ ತೆರೆದರೆ ಆ ಮುದುಕನ ಮುಖ ಇಷ್ಟು ಜನರೆದುರು ಏನಾಗಬೇಕು?

"ಇಲ್ಲ ಸಾರ್," ಎಂದಳು.

ಅಲ್ಲಿಗೆ ಮುಗಿಯಿತು.

ಹೊರಗೆ ಚಪ್ಪಲಿ ಹುಡುಕುತ್ತಿದ್ದ ದೊಡ್ಡಮ್ಮನ ರಟ್ಟೆ ಹಿಡಿದು ರಂಪೈ ರಸ್ತೆಯವರೆಗೆ ಎಳೆದು ತಂದಳು.

"ಏಳ್ತೀನಿ ಅಂದಿದ್ಯಲ್ಲ!"

"ಎದ್ನಲ್ಲ! ಎದ್ಮೇಲೆ ನಿನ್ನ ಮುಖ ಕಾಣಿಸ್ತು. ಅಷ್ಟು ದೊಡ್ಡವರ ಮುಂದೆ ನಿನ್ನ ತಲೆ ತಗ್ಗಿಸೋಕೆ ಹೇಗೆ ಮನಸ್ಸು ಬರುತ್ತೆ? ಹೋಗ್ಲಿ, ನೀನ್ಯಾಕೆ ಹೇಳ್ಲಿಲ್ಲ?"

ರಂಪೈ ಹಿಡಿದಿದ್ದ ರಟ್ಟೆ ಬಿಟ್ಟಳು.

"ಗೊತ್ತು ಬಿಡು," ಎಂದಳು ದೊಡ್ಡಮ್ಮ. "ಪಾಪ, ಅಧ್ಯಕ್ಷರು ಎಷ್ಟು ಖುಷಿಯಾಗಿದ್ರು."

ಇಬ್ಬರೂ ದಡದ ಕಡೆ ನಡೆದರು. ಗೋಡೆ ಬರಲಿರುವ ಜಾಗಕ್ಕೆ ಬಂದಾಗ ದೊಡ್ಡಮ್ಮ ನಿಂತಳು.

"ಒಂದು ಮಾತು ಕೇಳ್ಲಾ? ಕೇಳೋಕೇ ಸಂಕೋಚ."

"ಕೇಳು."

"ನಿನ್ನ ಮನೆ ಒಳಗಡೆ ಇದೆಯಲ್ಲ. ನೀರು ಬಂದ್ರೆ ನಿಮ್ಮ ದೊಡ್ಡಪ್ಪನ್ನ ಅಲ್ಲಿ ಮಲಗಿಸ್ಬಹುದಾ? ಕಾಲು ಬಿದ್ದುಹೋದ ಮನುಷ್ಯನ್ನ ಅಟ್ಟಕ್ಕೆ ಹತ್ತಿಸೋಕೆ ನನ್ನೊಬ್ಬಳ ಕೈಲಿ ಆಗಲ್ಲ. ನಾನು ಹೇಗೋ ಇಲ್ಲೇ ಇರ್ತೀನಿ."

ರಂಪೈ ರಸ್ತೆಯಂಚಿನಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಕೇಳಬಾರದ್ದನ್ನು ಕೇಳಿಬಿಟ್ಟೆನೇನೋ ಎಂದು ದೊಡ್ಡಮ್ಮ ಗಾಬರಿಯಾದಳು.

"ತೊಂದ್ರೆ ಆದ್ರೆ ಬೇಡ ಮಗಾ, ಬೇಡ, ಬೇಡ," ಎನ್ನುತ್ತಾ ಅವಳ ಬೆನ್ನು ಸವರತೊಡಗಿದಳು.