ಅಗಲ ಬೊಟ್ಟು

ಬದ್ರಾಳಿಗೆ ಫ್ಲ್ಯಾಷಿನ ಮೇಲೆ ನಂಬಿಕೆ ಇರಲಿಲ್ಲ. ಆದರೆ ಅದಿಲ್ಲದೆ ಅವಳ ಹೊಟ್ಟೆ ತುಂಬುತ್ತಿರಲಿಲ್ಲ. ತ್ಲೆಮ್ಸೆನ್ ಊರಿನ ಮದುವೆಮನೆಗಳಲ್ಲಿ ಹೆಂಗಸರ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಬಂದವರ ಫೋನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಒಂದು ಬುಟ್ಟಿಗೆ ಹಾಕುತ್ತಾರೆ. ತಲೆವಸ್ತ್ರ ತೆಗೆದಿಟ್ಟು ಕುಣಿಯುವ ಹೆಣ್ಣುಮಕ್ಕಳ ಚಿತ್ರ ಕಂಡವರ ಕೈ ಸೇರಬಾರದಲ್ಲ. ಹಾಗಾಗಿ ಒಳಗೆ ಏನು ನಡೆದರೂ ಅದನ್ನು ನೋಡಿ ನೆನಪಿಟ್ಟುಕೊಳ್ಳುವುದು ಬದ್ರಾಳ ಕ್ಯಾಮರಾ ಒಂದೇ.

ದೊಡ್ಡ ದೀಪಗಳನ್ನು ಅವಳು ಎಂದೋ ಬಿಟ್ಟಿದ್ದಳು. ಅವನ್ನು ಕಂಡರೆ ಮುದುಕಿಯರು ಮುಖಕ್ಕೆ ಶಾಲು ಎಳೆದುಕೊಳ್ಳುತ್ತಿದ್ದರು. ಕ್ಯಾಮರಾದ ನೆತ್ತಿಯಿಂದ ಕಪ್ಪೆಯ ಕಣ್ಣಿನಂತೆ ಟಪ್ಪನೆ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಷೇ ಅವಳಿಗೆ ಸಾಕು. ಆದರೆ ಅದರದು ಒರಟು ಬೆಳಕು. ಅದರ ಪಾಡಿಗೆ ಬಿಟ್ಟರೆ ಮುಖಕ್ಕೆ ಸುಣ್ಣ ಬಳಿದಂತೆ ಮಾಡುತ್ತದೆ, ಹಿಂದಿನ ಗೋಡೆಯ ಮೇಲೆ ಕರೀ ನೆರಳು ಎಸೆಯುತ್ತದೆ. ಅದರಲ್ಲೂ ಶೆದ್ದಾ ಎಂಬ ಮದುವೆಯುಡುಗೆ ತೊಟ್ಟ ಮದುಮಗಳ ಮುಂದೆ ಅದಕ್ಕೆ ಹುಚ್ಚೇ ಹಿಡಿಯುತ್ತದೆ. ಕುತ್ತಿಗೆಯಿಂದ ಸೊಂಟದವರೆಗೆ ಮುತ್ತು, ಮೈತುಂಬ ಜರಿ ತುಂಬಿದ ಮಖಮಲ್ಲು, ತಲೆಯ ಮೇಲೆ ಚಿನ್ನದ ಗೋಪುರದಂಥ ಟೋಪಿ. ಬೆಳಕು ಒಂದಕ್ಕೆ ಬಡಿದು ಇನ್ನೊಂದಕ್ಕೆ ಹಾರಿ, ಕೊನೆಗೆ ಚಿತ್ರದಲ್ಲಿ ಮದುಮಗಳೊಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ.

ಅದಕ್ಕೇ ಅವಳು ಅದನ್ನು ಪಳಗಿಸಿಕೊಂಡಿದ್ದಳು. ಸಿಗರೇಟು ಸುತ್ತುವ ತೆಳು ಕಾಗದವನ್ನು ಮಡಚಿ ಫ್ಲ್ಯಾಷಿನ ಮುಖಕ್ಕೆ ಅಂಟಿಸುತ್ತಿದ್ದಳು. ಅದರ ಜೋರನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತಿದ್ದಳು. ಮದುಮಗಳನ್ನು ಗೋಡೆಯಿಂದ ದೂರ, ಕಿಟಕಿಗೆ ಪಕ್ಕವಾಗಿ ಕೂರಿಸುತ್ತಿದ್ದಳು. ಒಂದು ಕೆನ್ನೆಗೆ ಕಿಟಕಿಯ ಬೆಳಕು, ಇನ್ನೊಂದು ಕೆನ್ನೆಯ ಕತ್ತಲನ್ನು ಕರಗಿಸುವಷ್ಟೇ ಫ್ಲ್ಯಾಷು. ಆಗ ಮೂಗಿಗೆ ಮೂಗಿನ ಆಕಾರ, ಕೆನ್ನೆಗೆ ಕೆನ್ನೆಯ ದುಂಡು ಬರುತ್ತಿತ್ತು. ಫ್ಲ್ಯಾಷ್ ಹಾಕಿದ್ದೇ ಗೊತ್ತಾಗಬಾರದು, ಅದೇ ಅವಳ ಕಸುಬು.

ಲಲ್ಲಾ ಖೈರಾಳ ಮಗಳು ಸಿಹಾಮಳ ಮದುವೆಗೆ ಅವಳು ಹೋದದ್ದು ಮಧ್ಯಾಹ್ನದ ಹೊತ್ತಿಗೆ. ಅಂಗಳದಲ್ಲಿ ಹೆಂಗಸರು ಪುದೀನಾ ಚಹಾ ಹೀರುತ್ತ ಎಳ್ಳು ಹಚ್ಚಿದ ಕಾಅಕ್ ಬಿಸ್ಕತ್ತು ಮುರಿಯುತ್ತಿದ್ದರು. ಒಳಕೋಣೆಯಲ್ಲಿ ಶೃಂಗಾರದ ಮುದುಕಿ ಹಾಜ್ಜಾ ಫತ್ತೂಮಾ ಮದುಮಗಳ ಕೆನ್ನೆಗೆ ಬೊಟ್ಟು ಬರೆಯುತ್ತಿದ್ದಳು. ಎರಡು ಕೆನ್ನೆಗೆ ಎರಡು ಕೆಂಪು ಬೊಟ್ಟು, ಅದರ ಸುತ್ತ ಬೆಳ್ಳಿಯ ಚುಕ್ಕಿ, ಕೆಳತುಟಿಗೆ ಇನ್ನೊಂದು ಗೀರು. ಕೆಟ್ಟ ಕಣ್ಣು ತಾಗದಿರಲೆಂದು ತಲೆತಲಾಂತರದಿಂದ ಬರೆಯುತ್ತ ಬಂದದ್ದು. ಬೊಟ್ಟು ಅಂದರೆ ಹೆಚ್ಚೆಂದರೆ ಒಂದು ನಾಣ್ಯದಷ್ಟು. ಆದರೆ ಸಿಹಾಮಳ ಕೆನ್ನೆಯ ಬೊಟ್ಟು ಕಣ್ಣಿನ ಕೆಳಗಿನಿಂದ ದವಡೆಯ ತನಕ ಹಬ್ಬಿತ್ತು.

ಬದ್ರಾ ಚೀಲ ಇಳಿಸುತ್ತ ನಕ್ಕಳು. "ಏನ್ ಹಾಜ್ಜಾ, ಕಣ್ಣು ಮಂಜಾಯ್ತಾ? ಬೊಟ್ಟು ಇಡಿ ಅಂದ್ರೆ ದಾಳಿಂಬೆ ಹಣ್ಣೇ ಇಟ್ಟುಬಿಟ್ಟಿದ್ದೀರಲ್ಲ!"

ಯಾರೂ ನಗಲಿಲ್ಲ. ಮಾತಿಗೆ ಮಾತು ಬಿಟ್ಟುಕೊಡುವವಳಲ್ಲ ಹಾಜ್ಜಾ. ಆದರೆ ಇವತ್ತು ಕುಂಚವನ್ನು ಬಟ್ಟಲಿಗೆ ಅದ್ದಿದವಳು ಅದನ್ನೇ ತಿರುಗಿಸುತ್ತ ಕೂತಳು.

"ಹೊಸ ಫ್ಯಾಶನ್ನು," ಅಂದಳು ಆಮೇಲೆ. "ನಿನಗೇನು ಗೊತ್ತು. ನೀನು ನಿನ್ನ ಡಬ್ಬಿ ನೋಡ್ಕೋ."

ಬದ್ರಾ ಡಬ್ಬಿ ನೋಡಿಕೊಂಡಳು. ಸಿಹಾಮಳನ್ನು ಕಿಟಕಿಯ ಪಕ್ಕದ ಪೀಠಕ್ಕೆ ಕೂರಿಸಿದರು. ಅಷ್ಟು ಭಾರ ಹೊತ್ತವಳು ತಾನಾಗಿ ನಡೆಯುವಂತಿರಲಿಲ್ಲ, ಇಬ್ಬರು ಹೆಂಗಸರು ತೋಳು ಹಿಡಿದರು. ಬದ್ರಾ ಕಾಗದ ಅಂಟಿಸಿ ಒಂದು ಚಿತ್ರ ತೆಗೆದು, ಬೆಳಕು ಸರಿಯಿದೆಯೇ ಎಂದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು.

ಎಡಗೆನ್ನೆಯ ಬೊಟ್ಟಿನೊಳಗೆ ಇನ್ನೊಂದು ಅಂಚಿತ್ತು. ಬಣ್ಣ ಸಮನಾಗಿಯೇ ಇತ್ತು, ಮೈ ಸಮನಾಗಿರಲಿಲ್ಲ. ಕಣ್ಣಿನ ಕೆಳಗೆ ಊದಿಕೊಂಡದ್ದರ ದಿಬ್ಬ, ದಿಬ್ಬದಾಚೆ ತೆಳ್ಳಗಿನ ನೆರಳು. ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದು ಹಾಜ್ಜಾಳ ಕುಂಚ ಮುಚ್ಚಿದ್ದನ್ನೆಲ್ಲ ಎತ್ತಿ ತೋರಿಸುತ್ತಿತ್ತು. ಬಲಗೆನ್ನೆ ನುಣ್ಣಗಿತ್ತು. ಎಡಕ್ಕೆ ಜೋಡಿಯಾಗಲೆಂದು ಅದಕ್ಕೂ ಅಷ್ಟೇ ಅಗಲದ ಬೊಟ್ಟು.

ಅಷ್ಟರಲ್ಲಿ ಅಂಗಳಕ್ಕೆ ಗಂಡಿನ ಕಡೆಯ ಹೆಂಗಸರು ಬಂದರು. ನಾಲಿಗೆ ಆಡಿಸಿ ಉಲಿಯುವ ಸದ್ದು ಮನೆಯನ್ನೆಲ್ಲ ತುಂಬಿತು. ಲಲ್ಲಾ ಖೈರಾ ಎದುರುಗೊಳ್ಳಲು ಓಡಿದಳು, ತೋಳು ಹಿಡಿದಿದ್ದವರೂ ಹಿಂದೆಯೇ ಹೋದರು. ಹಾಜ್ಜಾ ಮಾತ್ರ ಮೂಲೆಯಲ್ಲಿ ಬಟ್ಟಲು ತೊಳೆಯುತ್ತ ಬೆನ್ನು ಹಾಕಿ ಕೂತಿದ್ದಳು.

"ಕಾಣ್ತಾ ಇದೆಯಾ, ಖಾಲ್ತಿ?" ಸಿಹಾಮ್ ತುಟಿ ಅಲ್ಲಾಡಿಸದೆ ಕೇಳಿದಳು. ಊರಿನ ಹುಡುಗಿಯರಿಗೆಲ್ಲ ಬದ್ರಾ ಖಾಲ್ತಿ, ಅಂದರೆ ದೊಡ್ಡಮ್ಮ.

ಬದ್ರಾ ಪರದೆಯನ್ನು ಅಂಗೈಯಿಂದ ಮುಚ್ಚಿದಳು.

"ಕಾಣ್ಲಿ ಅಂತಾನೇ ಕೇಳ್ತಿದೀನಿ. ನಮ್ಮಣ್ಣ ನದೀರ್ ಕೈ ಗುರುತು. ಈ ಮದುವೆ ಒಲ್ಲೆ ಅಂದೆ, ಅದಕ್ಕೆ."

"ಯಾವತ್ತು?"

"ಮೊನ್ನೆ. ಫೋನೂ ಕಿತ್ಕೊಂಡ. ವಹ್ರಾನ್‌ನಲ್ಲಿ ನಮ್ಮ ಚಿಕ್ಕಮ್ಮ ಇದಾಳೆ, ವಕೀಲೆ. ಬರೀ ಬಾಯಿ ಮಾತು ಸಾಲಲ್ಲ ಕಣೇ, ಒಂದಾದ್ರೂ ಫೋಟೋ ಇದ್ರೆ ನಾನು ಬಿಡಲ್ಲ ಅಂದಿದ್ಲು. ಇನ್ನೊಂದು ವಾರ ಹೋದ್ರೆ ಇದು ಮಾಯ್ದುಹೋಗುತ್ತೆ, ಖಾಲ್ತಿ. ಆಮೇಲೆ ನಾನು ಏನು ಹೇಳಿದ್ರೂ ಹುಡುಗೀ ನಖರಾ." ಅವಳು ಕತ್ತನ್ನು ಅತ್ತಿತ್ತ ಹೊರಳಿಸಲಾರದೆ ಕಣ್ಣನ್ನಷ್ಟೇ ಹೊರಳಿಸಿದಳು. "ಒಂದೇ ಒಂದು. ಇದ್ದದ್ದು ಇದ್ದ ಹಾಗೆ. ಚಿಕ್ಕಮ್ಮ ನಿಮ್ಮ ಅಂಗಡಿಗೇ ಬರ್ತಾಳೆ."

ಹಾಜ್ಜಾ ಬಟ್ಟಲು ತೊಳೆಯುವುದನ್ನು ನಿಲ್ಲಿಸಿದ್ದಳು. ಆದರೆ ತಿರುಗಲಿಲ್ಲ.

ಬದ್ರಾ ಫ್ಲ್ಯಾಷನ್ನು ಬೆರಳಿನಿಂದ ಒತ್ತಿ ಒಳಗೆ ಕೂರಿಸಿದಳು. ಬರೀ ಕಿಟಕಿಯ ಬೆಳಕಿನಲ್ಲಿ, ಉಸಿರು ಹಿಡಿದು, ಒಂದು ಚಿತ್ರ ತೆಗೆದಳು. ಅವಳು ತೆಗೆದ ಮದುಮಗಳ ಚಿತ್ರಗಳಲ್ಲಿ ಅಷ್ಟು ನಿಚ್ಚಳವಾದದ್ದು ಇನ್ನೊಂದಿರಲಿಲ್ಲ. ಜರಿ ಮಂಕಾಗಿತ್ತು, ಮುತ್ತು ಮಂಕಾಗಿತ್ತು. ಮುಖ ಮಾತ್ರ ಇತ್ತು.

"ತೋರ್ಸು."

ಲಲ್ಲಾ ಖೈರಾ ಯಾವಾಗ ಒಳಗೆ ಬಂದಿದ್ದಳೋ. ಕೈಯಲ್ಲಿ ಅತ್ತರಿನ ದಾನಿ ಇತ್ತು. ಅವಳು ಪರದೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಬದ್ರಾ ಕಾದಳು. ಬರಲಿಲ್ಲ.

"ಇದು ಬೇಡ," ಅಂದಳು, ಅಂಗಡಿಯಲ್ಲಿ ಬಟ್ಟೆ ಬೇಡ ಅನ್ನುವಂತೆ. "ಅಳಿಸು."

"ಅಮ್ಮಾ," ಅಂದಳು ಸಿಹಾಮ್.

"ನೀನು ಸುಮ್ನಿರು. ತುಟಿ ಬಣ್ಣ ಕೆಡುತ್ತೆ." ಆಮೇಲೆ ಬದ್ರಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಬದ್ರಾ, ನಿನ್ನ ಮಗಳಿಗೆಷ್ಟು ವಯಸ್ಸೀಗ? ಅವಳ ಮದುವೆನೂ ಈ ಊರಲ್ಲೇ ಆಗ್ಬೇಕಲ್ವಾ? ನೀನು ಒಳಗಿಂದು ಹೊರಗೆ ಹಾಕೋಳು ಅಂತ ಒಂದು ಮಾತು ಹೊರಟ್ರೆ, ಯಾವ ಮನೆಯೋರು ನಿನ್ನನ್ನ ಹೊಸಿಲು ದಾಟಿಸ್ಕೋತಾರೆ?"

"ಲಲ್ಲಾ, ಹುಡುಗಿ ಮುಖ ನೋಡಿ..."

"ನೋಡ್ದೆ ಇರ್ತೀನಾ? ಹೆತ್ತೋಳು ನಾನು. ನಮ್ಮ ಕಾಲದಲ್ಲಿ ಕ್ಯಾಮರಾನೂ ಇರ್ಲಿಲ್ಲ, ಕೇಳೋರೂ ಇರ್ಲಿಲ್ಲ. ಬದುಕ್ಲಿಲ್ವಾ?" ಅತ್ತರಿನ ದಾನಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಆ ಕಾಗದ ಕಿತ್ತುಹಾಕು. ಬೆಳಕು ನೇರ ಮುಖಕ್ಕೆ ರಾಚ್ಲಿ. ಹಿಂದೆ ನನ್ನ ತಂಗಿ ಮಗಳ ಮದುವೇದು ಆ ಇನ್ನೊಬ್ಬ ಫೋಟೋದವಳು ತೆಗೆದು ಹಾಳು ಮಾಡಿದ್ಲಲ್ಲ, ಹಿಟ್ಟು ಬಳಿದ ಹಾಗೆ? ನನಗೆ ಹಾಗೇ ಬೇಕು."

ಆ ಹಾಳಾದ ಚಿತ್ರಗಳನ್ನು ಆಡಿಕೊಂಡು ನಕ್ಕವರಲ್ಲಿ ಬದ್ರಾಳೂ ಒಬ್ಬಳು. ಫ್ಲ್ಯಾಷನ್ನು ಹೇಗೆ ಬಳಸಬಾರದು ಎಂಬುದಕ್ಕೆ ಅವನ್ನೇ ತೋರಿಸುತ್ತಿದ್ದಳು. ಮುಖದ ಏರುತಗ್ಗನ್ನೆಲ್ಲ ಆ ನೇರ ಬೆಳಕು ಹೇಗೆ ನುಂಗಿಬಿಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲಲ್ಲಾ ಖೈರಾಳಿಗೂ ಗೊತ್ತಿದೆಯೆಂದು ಅಂದುಕೊಂಡಿರಲಿಲ್ಲ.

ಅಳಿಸಲೇ, ಎಂದು ಕ್ಯಾಮರಾ ಕೇಳಿತು. ಬದ್ರಾ ಗುಂಡಿ ಒತ್ತಿದಳು. ಸಿಹಾಮಳ ಕಣ್ಣು ಆ ಬೆರಳಿನ ಮೇಲೆಯೇ ಇತ್ತು.

ಅಳಿಸಿದ್ದು ಅಷ್ಟಕ್ಕೇ ಅಳಿಯುವುದಿಲ್ಲ. ಬೇರೆ ಚಿತ್ರ ಅದರ ಜಾಗದಲ್ಲಿ ಕೂರುವ ತನಕ ಅದು ಕಾರ್ಡಿನಲ್ಲಿ ಉಳಿದಿರುತ್ತದೆ, ಬೇಕಾದರೆ ಹೊರಗೆ ತೆಗೆಯಬಹುದು. ಇದೂ ಬದ್ರಾಳಿಗೆ ಗೊತ್ತಿತ್ತು. ಚೀಲದ ಪಕ್ಕದ ಜೇಬಿನಲ್ಲಿ ಇನ್ನೊಂದು ಖಾಲಿ ಕಾರ್ಡು ಇತ್ತು. ತುಂಬಿತು ಅಂದು ಬದಲಿಸಿದರೆ ಯಾರೂ ಕೇಳುತ್ತಿರಲಿಲ್ಲ. ಅವಳ ಕೈ ಆ ಜೇಬಿನ ತನಕ ಹೋಯಿತು. ತನ್ನ ಮಗಳು ಇಕ್ರಾಮ್ ನೆನಪಾದಳು. ಕಾರಣ ಅದೊಂದೇ ಆಗಿತ್ತೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಜೇಬಿನಿಂದ ಅವಳು ತೆಗೆದದ್ದು ಲೆನ್ಸು ಒರೆಸುವ ಬಟ್ಟೆ.

ಫ್ಲ್ಯಾಷನ್ನು ಮೇಲೆಬ್ಬಿಸಿ ಕಾಗದ ಕಿತ್ತಳು. ಜೋರನ್ನು ಪೂರ್ತಿ ಏರಿಸಿದಳು. ಸಿಹಾಮಳನ್ನು ಕಿಟಕಿಯಿಂದ ಎಬ್ಬಿಸಿ ಗೋಡೆಗೆ ಬೆನ್ನಾಗಿ ಕೂರಿಸಿ, ತಾನು ಹತ್ತಿರ ಹೋಗಿ ನೇರಕ್ಕೆ ನಿಂತಳು. ಮಿಂಚು ಹೊಡೆದಂತಾಯಿತು. ಸಿಹಾಮ್ ರೆಪ್ಪೆ ಮಿಟುಕಿಸಲಿಲ್ಲ.

ಪರದೆಯಲ್ಲಿ ಹಾಲು ಬಿಳುಪಿನ ಒಂದು ಮುಖ. ಅದರಲ್ಲಿ ಕೊರೆದಿಟ್ಟಂಥ ಎರಡು ಅಗಲ ಕೆಂಪು ಬೊಟ್ಟು. ಸುತ್ತ ಉರಿಯುವ ಚಿನ್ನ.

"ಅಲ್ಲಾಹು ಕಾಪಾಡ್ಲಿ, ಗೊಂಬೆ!" ಅಂದಳು ಲಲ್ಲಾ ಖೈರಾ, ಬಾಗಿಲಾಚೆಯವರಿಗೆ ಕೇಳುವಂತೆ. ಹೆಂಗಸರು ಒಳನುಗ್ಗಿ ಉಲಿದರು. ಬದ್ರಾ ಅವರ ಕುಣಿತ, ಚಹಾ, ನಗು ಎಲ್ಲವನ್ನೂ ತೆಗೆಯುತ್ತ ಹೋದಳು. ಕಾರ್ಡು ತುಂಬುವ ತನಕ ತೆಗೆದಳು.

ಸಿಹಾಮಳ ಚಿಕ್ಕಮ್ಮ ಬದ್ರಾಳ ಅಂಗಡಿಗೆ ನಿಜವಾಗಿ ಬಂದಳು. ವಹ್ರಾನಿನ ಬಸ್ಸಿಳಿದು ನೇರ ಬಂದವಳಂತೆ ಕಾಣುತ್ತಿದ್ದಳು. ಅಂಗಡಿಯಲ್ಲಿ ಕೂರಲಿಲ್ಲ.

"ಕಿಟಕಿ ಹತ್ರ ತೆಗೆದದ್ದು ಒಂದು ಇದೆ ಅಂತ ಸಿಹಾಮ್ ಹೇಳಿ ಕಳಿಸಿದಾಳೆ. ಅಳಿಸಿದ್ರಂತೆ, ಆದ್ರೂ ಫೋಟೋದವ್ರ ಹತ್ರ ಎಲ್ಲೋ ಉಳಿದಿರುತ್ತೆ ಅಂದ್ಲು."

"ಇಲ್ಲ, ಉಳಿದಿಲ್ಲ," ಅಂದಳು ಬದ್ರಾ.

"ಹುಡುಕಿ ನೋಡಿದ್ರಾ?"

"ಉಳಿದಿಲ್ಲ."

ಆ ಹೆಂಗಸು ಬಯ್ಯುತ್ತಾಳೆ ಎಂದು ಬದ್ರಾ ಅಂದುಕೊಂಡಳು. ಅವಳು ತಲೆಯಾಡಿಸಿ, ಚೀಲ ಹೆಗಲಿಗೇರಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದಳು. ಆ ಸದ್ದಾಗದ ಬಾಗಿಲು ಬದ್ರಾಳ ಕಿವಿಯಿಂದ ಹೋಗಲಿಲ್ಲ.

ಕೆಲವು ದಿನಗಳಾದ ಮೇಲೆ ಲಲ್ಲಾ ಖೈರಾ ಅದೇ ಬಿಳಿ ಮುಖದ ಚಿತ್ರಕ್ಕೆ ದೊಡ್ಡ ಚೌಕಟ್ಟು ಹಾಕಿಸಿ, ಒಳಗಿನದು ಹೊರಗೆ ಹೋಗಬಾರದು ಅಂದಿದ್ದವಳೇ ಇನ್ನೊಂದು ಪ್ರತಿಯನ್ನು ಬದ್ರಾಳ ಅಂಗಡಿಯ ಗಾಜಿನಲ್ಲಿ ತಾನೇ ನಿಂತು ತೂಗುಹಾಕಿಸಿದಳು. "ಎಲ್ಲ ನೋಡ್ಲಿ," ಅಂದಳು. ಎಲ್ಲ ನೋಡಿದರು. ಬೀದಿಯಲ್ಲಿ ಹೋಗುವ ಹುಡುಗಿಯರು ಗಾಜಿಗೆ ಮೂಗು ತಾಗಿಸಿ ನಿಂತರು. ಮೊದಲು ಒಬ್ಬಳು ಬಂದು ಕೇಳಿದಳು, ಆಮೇಲೆ ಇನ್ನೊಬ್ಬಳು.

"ಖಾಲ್ತಿ, ನಂಗೂ ಸಿಹಾಮ್ ಥರಾನೇ. ಬೊಟ್ಟು ಇಷ್ಟಗಲ. ಮುಖ ಹಾಗೇ ಪಳಪಳ ಅನ್ಬೇಕು."

"ಅಜ್ಜಿ ಕಾಲದ ಸಣ್ಣ ಬೊಟ್ಟು ಯಾರಿಗೆ ಬೇಕು, ಹಾಜ್ಜಾ! ಸೊಳ್ಳೆ ಕಚ್ಚಿದ ಹಾಗಿರುತ್ತೆ."

ಹಾಜ್ಜಾ ಫತ್ತೂಮಾ ಎರಡು ಮಾತಾಡದೆ ಬರೆಯುತ್ತಿದ್ದಳು. ಒಂದು ಮದುವೆಯಲ್ಲಿ ಕುಂಚ ಹಿಡಿದೇ ಬದ್ರಾಳ ಕಡೆ ನೋಡಿದಳು. "ಅವತ್ತು ನಾನು ಬಾಯಿಗೆ ಬಂದದ್ದು ಹೇಳ್ದೆ ಕಣೆ," ಅಂದಳು. "ನೋಡು, ಫ್ಯಾಶನ್ನೇ ಆಗ್ಹೋಯ್ತು."

ಮೊದಮೊದಲು ಬದ್ರಾ ಪ್ರತಿ ಮದುಮಗಳನ್ನೂ ಕಿಟಕಿಗೆ ಪಕ್ಕ ಮಾಡಿ ಕೂರಿಸುತ್ತಿದ್ದಳು. ಫ್ಲ್ಯಾಷ್ ಮುಚ್ಚಿ ಒಂದು ಚಿತ್ರ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ, ಬಣ್ಣದೊಳಗೆ ಇನ್ನೊಂದು ಅಂಚು ಇದೆಯೇ ಎಂದು ಹುಡುಕುತ್ತಿದ್ದಳು. ಇರುತ್ತಿರಲಿಲ್ಲ. ನುಣುಪಾದ ಕೆನ್ನೆ, ಅದರ ಮೇಲೆ ಹುಡುಗಿಯ ಆಸೆ, ಅಷ್ಟೇ. ತಾಯಂದಿರಿಗೆ ಆ ಚಿತ್ರ ಹಿಡಿಸುತ್ತಿರಲಿಲ್ಲ. "ಏನಮ್ಮಾ ಇದು, ಸಾವಿನ ಮನೆ ಥರ? ಫ್ಲ್ಯಾಷ್ ಕೆಟ್ಟಿದೆಯಾ?" ಅನ್ನುತ್ತಿದ್ದರು. ಬರಬರುತ್ತ ಅವಳು ಹುಡುಕುವುದನ್ನು ಬಿಟ್ಟಳು. ಸಿಗರೇಟು ಕಾಗದದ ಪೊಟ್ಟಣ ಚೀಲದ ತಳದಲ್ಲಿ ಹಳದಿಯಾಯಿತು.

ಈ ವಸಂತದಲ್ಲಿ ಕಸಾಯಿಖಾನೆ ಬೀದಿಯ ಒಂದು ಮನೆಗೆ ಹೋಗಿದ್ದಳು. ಮದುಮಗಳಿಗೆ ಮಾತು ಕಡಿಮೆ. ಬೊಟ್ಟು ಕಣ್ಣಿನ ಕೆಳಗಿನಿಂದ ದವಡೆಯ ತನಕ. ಈಗ ಎಲ್ಲರದೂ ಅಷ್ಟೇ ಅಗಲ. ಟೋಪಿ ಸರಿಮಾಡುವಾಗ ಬದ್ರಾಳ ಹೆಬ್ಬೆರಳು ಹುಡುಗಿಯ ಕೆನ್ನೆಗೆ ತಾಗಿತು. ಹುಡುಗಿ ಸರಕ್ಕನೆ ಮುಖ ಹಿಂದಕ್ಕೆ ತೆಗೆದುಕೊಂಡಳು.

"ಯಾಕಮ್ಮಾ?"

"ಬಣ್ಣ, ಖಾಲ್ತಿ. ಅಂಟ್ಕೊಳ್ಳುತ್ತೆ."

ಬದ್ರಾ ಬೆರಳು ನೋಡಿಕೊಂಡಳು. ಬಣ್ಣ ಒಣಗಿತ್ತು, ಬೆರಳಿಗೆ ಏನೂ ಅಂಟಿರಲಿಲ್ಲ. ಕಿಟಕಿ ಪಕ್ಕದಲ್ಲೇ ಇತ್ತು. ಬಾಗಿಲಲ್ಲಿ ಹುಡುಗಿಯ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೇಗ ಆಗ್ಲಮ್ಮಾ," ಅಂದಳು ತಾಯಿ. "ಆ ಗಾಜಿನಲ್ಲಿರೋ ಹುಡುಗಿ ಥರಾನೇ ಬರ್ಬೇಕು."

"ಹಾಗೇ ಬರುತ್ತೆ," ಅಂದಳು ಬದ್ರಾ. ಕ್ಯಾಮರಾದ ನೆತ್ತಿಯ ಮೇಲೆ ಫ್ಲ್ಯಾಷು ಟಪ್ಪನೆ ಎದ್ದು ನಿಂತಿತು.